ಮೂರು ಊರು, ಒಂದು ಬೆಳ್ಳಿ ಕಪ್ಪು

ಸುಣ್ಣ ಬಣ್ಣ ಮಾರುವವನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಗೋಡೆಯ ಹೊರಗೆ ನಿಂತಿರುವಷ್ಟು ಹೊತ್ತು ಎಲ್ಲವೂ ನಮ್ಮ ಅಂದಾಜಿಗೆ ಸಿಗುತ್ತದೆ. ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಿರೋ, ಎದೆ ಧಸಕ್ಕೆನ್ನುವ ಏನಾದರೊಂದು ಕಾದಿರುತ್ತದೆ. ನಾನು ಹುಬ್ಬಳ್ಳಿಯಿಂದ ಬಂದು ಅಹಮದಾಬಾದಿನ ಕಾಲುಪುರದಲ್ಲಿ ಸುಣ್ಣದ ಅಂಗಡಿ ಹಾಕಿದವನು. ಸುಲಭಕ್ಕೆ ಬೆಚ್ಚಿಬೀಳುವ ಜಾತಿಯವನಲ್ಲ. ಆದರೆ ಆ ವರ್ಷ ಚಳಿಗಾಲದ ಒಂದೇ ವಾರದಲ್ಲಿ ಮೂರು ಊರುಗಳಲ್ಲಿ ಮೂರು ಸಲ ಬೆಚ್ಚಿಬಿದ್ದೆ. ನಾಲ್ಕನೆಯದು ಒಂದು ವರ್ಷ ತಡವಾಗಿ ಬಂತು.

೧. ನನ್ನನ್ನು ಯಾಕೆ ಕರೆದರು

ಅರವತ್ತರ ದಶಕದ ಮಾತು. ಗುಜರಾತ್ ಬೇರೆ ರಾಜ್ಯವಾಗಿ ಇನ್ನೂ ಕೆಲವೇ ವರ್ಷ ಆಗಿದ್ದವು. ಒಂದು ಧರ್ಮಾರ್ಥ ಟ್ರಸ್ಟ್ ಸೂರತ್, ಬರೋಡಾ, ಅಹಮದಾಬಾದ್ ಮೂರೂ ಕಡೆ ಕೂಲಿಕಾರರಿಗೆಂದು ಕಡಿಮೆ ಬಾಡಿಗೆಯ ಕಾಲೊನಿಗಳನ್ನು ಕಟ್ಟಿಸಿತ್ತು. ಅದರ ಅಧ್ಯಕ್ಷರು ನಿವೃತ್ತ ಇಂಜಿನಿಯರ್. ಊಟ ಬಿಟ್ಟಾರು, ನಿಯಮ ಬಿಡುವವರಲ್ಲ. ಅವರಿಗೆ ಒಂದು ದಿನ ಹೊಳೆಯಿತು: ಬಡವರ ಕಾಲೊನಿ ಅಂದರೆ ಎಲ್ಲರೂ ಬೈಯುವವರೇ, ಚೆನ್ನಾಗಿ ಬದುಕುವವರನ್ನು ಮೆಚ್ಚುವವರಿಲ್ಲ; ಅತ್ಯುತ್ತಮ ಕಾಲೊನಿಗೆ ವರ್ಷಕ್ಕೊಂದು ಬೆಳ್ಳಿ ಕಪ್ಪು ಕೊಡೋಣ. ಚೊಕ್ಕಟತನಕ್ಕೆ ನಲವತ್ತು ಅಂಕ, ರಿಪೇರಿಗೆ ಮೂವತ್ತು, ಪರಸ್ಪರ ಸಹಕಾರಕ್ಕೆ ಮೂವತ್ತು.

ತೀರ್ಪುಗಾರರು ಮೂವರು. ಅಧ್ಯಕ್ಷರು ಒಬ್ಬರು. ಎರಡನೆಯವರು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಅಧಿಕಾರಿ. ನೀಟಾಗಿ ಬರೆಯುತ್ತಾರೆಂದು ಫಾರಮ್ಮುಗಳು ಅವರ ಕೈಗೆ. ಮೂರನೆಯವನು ನಾನು. ಯಾಕೆ ಅಂತ ಕೇಳಿದ್ದಕ್ಕೆ ಅಧ್ಯಕ್ಷರು, ಗೋಡೆಗೆ ಸುಣ್ಣ ಬಳಿದು ಎಷ್ಟು ದಿನವಾಯಿತೆಂದು ಹೇಳಬಲ್ಲ ಒಬ್ಬ ಮನುಷ್ಯ ಬೇಕು ಎಂದರು. ಪರೀಕ್ಷೆಗೆಂದು ತಮ್ಮ ಆಫೀಸಿನ ಗೋಡೆಯನ್ನೇ ತೋರಿಸಿದರು. ನಾನು ಬೆರಳಿಂದ ಒಂದು ಸಲ ಸವರಿ, ಆರು ದಿನ ಎಂದೆ. ಅವರು ದಂಗಾದರು. ಸರಿಯಾಗಿತ್ತು.

ನಾನು ಒಪ್ಪಿಕೊಂಡದ್ದಕ್ಕೆ ಎರಡು ಕಾರಣ. ಮೊದಲನೆಯದು, ಬಹುಮಾನದ ಸುದ್ದಿ ಹರಡಿದರೆ ಎಲ್ಲ ಕಾಲೊನಿಯವರೂ ಸುಣ್ಣ ಕೊಳ್ಳುತ್ತಾರೆ. ಎರಡನೆಯದು ಬಾ.

ಬಾ ಅಂದರೆ ಗುಜರಾತಿಯಲ್ಲಿ ಅಮ್ಮ. ಅಹಮದಾಬಾದಿನ ಕಾಲೊನಿಯಲ್ಲಿ ಆ ವಿಧವೆಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಗಂಡ ಮಿಲ್ಲಿನಲ್ಲಿದ್ದವನು, ಅವನು ಹೋದ ಮೇಲೆ ಅವನ ಹೆಸರಿನ ಮನೆಯೂ ಹೋಯಿತು. ವಾಚ್‌ಮನ್ನಿಗೆಂದು ಕಟ್ಟಿ ಖಾಲಿ ಬಿಟ್ಟಿದ್ದ ಖೋಲಿಯಲ್ಲಿ ಮುದುಕಿ ಸೇರಿಕೊಂಡು, ಕೆಲಸಕ್ಕೆ ಹೋಗುವ ಹೆಂಗಸರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ನಿಯಮದ ಪ್ರಕಾರ ಅದು ತಪ್ಪು. ಖೋಲಿ ತೆರವು ಮಾಡಿಸುವ ನೋಟೀಸು ಅಧ್ಯಕ್ಷರ ಮೇಜಿನ ಮೇಲೆ ಸಹಿಯಾಗಿ ಕೂತಿತ್ತು. ಅವಳು ಎದ್ದರೆ ಹೋಗಲಿಕ್ಕೆ ಇನ್ನೊಂದು ಜಾಗ ಇರಲಿಲ್ಲ. ಇನ್ನು ನನ್ನ ಸಂಗತಿ: ನನ್ನ ಗೋದಾಮಿನಲ್ಲಿ ಸುಣ್ಣ ಜರಡಿ ಹಿಡಿಯುವ ನಾಲ್ಕು ಹೆಂಗಸರ ಕೂಸುಗಳು ಅವಳ ಹತ್ತಿರವೇ ಇರುತ್ತಿದ್ದವು. ಬಾ ಎದ್ದರೆ ನನ್ನ ಜರಡಿ ನಿಂತೀತು. ಕರುಣೆ ಅಂತ ಯಾರೂ ತಪ್ಪು ತಿಳಿಯಬಾರದು.

ದಾರಿ ಒಂದೇ ಇತ್ತು. ಬಹುಮಾನದ ನಿಯಮಗಳಲ್ಲಿ ಅಧ್ಯಕ್ಷರೇ ಬರೆದಿದ್ದರು: ಕಪ್ಪು ಇರುವಷ್ಟು ಕಾಲ ಆ ಕಾಲೊನಿ ಮಾದರಿ ಕಾಲೊನಿ, ಅಲ್ಲಿಂದ ಯಾರನ್ನೂ ಕದಲಿಸುವಂತಿಲ್ಲ. ಅಂದರೆ ಬಾ ಉಳಿಯಬೇಕಾದರೆ ಅಹಮದಾಬಾದಿಗೆ ಕಪ್ಪು ಬರಬೇಕು.

ಹೊರಡುವಾಗ ಬ್ಯಾಂಕಿನವರು ಮೆಲ್ಲಗೆ ಕೇಳಿದರು, "ಸಾಹುಕಾರ್ರೇ, ಬೆರಳಲ್ಲಿ ಸವರಿದರೆ ಆರು ದಿನ ಅಂತ ಹೇಗೆ ಗೊತ್ತಾಗುತ್ತೆ?"

"ಅದು ನನ್ನ ಅಂಗಡಿಯಿಂದಲೇ ಹೋದ ಸುಣ್ಣ, ಸಾಹೇಬ್ರ. ಬೆರಳು ಸುಮ್ಮನೆ."

೨. ಸೂರತ್ತಿನ ಸ್ವಚ್ಛತೆ

ಮೊದಲು ಸೂರತ್. ಮಗ್ಗದವರ, ಜರಿ ಕೆಲಸದವರ ಕಾಲೊನಿ. ಬಾಗಿಲಲ್ಲೇ ಕಾಲು ನಿಂತುಬಿಟ್ಟವು. ಎಷ್ಟೋ ಗೋಡೆ ನೋಡಿದ್ದೇನೆ, ಅಷ್ಟು ಬೆಳ್ಳಗಿನದನ್ನು ನೋಡಿಲ್ಲ. ಗೋಡೆಗೆ ಸುಣ್ಣ, ಕಟ್ಟೆಗೆ ಸುಣ್ಣ, ಬೇವಿನ ಮರಕ್ಕೆ ನನ್ನ ಎತ್ತರದವರೆಗೆ ಸುಣ್ಣ, ಆಡು ಕಟ್ಟುವ ಗೂಟಕ್ಕೆ ಸುಣ್ಣ. ಗೂಟದ ಪಕ್ಕ ನಿಂತಿದ್ದ ಆಡಿಗೂ ಒಂದು ಮಗ್ಗುಲು ಹತ್ತಿತ್ತು. ನೆಲದ ಮೇಲೆ ಒಂದು ಬೇವಿನೆಲೆ ಇಲ್ಲ. ಅಧ್ಯಕ್ಷರು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತರು.

ಆಮೇಲೆ ತಿಳಿಯಿತು, ಇನ್ನೊಂದು ವಸ್ತುವೂ ಇಲ್ಲ: ಮನುಷ್ಯರು. ಎಂಬತ್ತು ಮನೆಗೆ ಎಂಬತ್ತು ಬೀಗ. ಒಲೆಯ ಹೊಗೆ ಇಲ್ಲ, ಕೂಸಿನ ಅಳು ಇಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟದ್ದನ್ನು ನಮ್ಮಜ್ಜಿ ಹೇಳುತ್ತಿದ್ದಳು, ಅದು ನೆನಪಾಯಿತು.

ಅಷ್ಟರಲ್ಲಿ ಕಾಲೊನಿಯ ಕಾರ್ಯದರ್ಶಿ ಕೈಮುಗಿದುಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ಜನ ಎಲ್ಲಿ ಎಂದು ಕೇಳಿದ್ದಕ್ಕೆ, ಎಲ್ಲರನ್ನೂ ಬೆಳಿಗ್ಗೆಯೇ ತಾಪಿ ನದಿಯ ದಂಡೆಗೆ ಪೋಂಕ್ ತಿನ್ನಲು ಕಳಿಸಿದ್ದೇನೆ ಎಂದ. ಪೋಂಕ್ ಅಂದರೆ ನಮ್ಮ ಕಡೆಯ ಸೀತನಿ, ಹಸಿ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು. ಚಳಿಗಾಲದಲ್ಲಿ ಸೂರತ್ತಿನವರಿಗೆ ಅದನ್ನು ತೋರಿಸಿದರೆ ಮನೆ ಮಠ ಬಿಟ್ಟು ನಡೆಯುತ್ತಾರೆ.

ಕಳಿಸಿದ್ದು ಯಾಕಪ್ಪಾ, ನಾವು ಬರುವುದು ಗೊತ್ತಿತ್ತಲ್ಲ ಎಂದು ಅಧ್ಯಕ್ಷರು ಕೇಳಿದರು.

ಅವನು ನಮಗೇ ಬುದ್ಧಿ ಕಡಿಮೆ ಎಂಬಂತೆ ನೋಡಿದ. ಜನ ಒಳಗಿದ್ದರೆ ಚೊಕ್ಕಟ ಉಳಿಯುವುದು ಹೇಗೆ ಸಾಹೇಬ್, ನಾಲ್ಕು ದಿನದಿಂದ ಯಾರಿಗೂ ಒಗ್ಗರಣೆ ಹಾಕಲು ಬಿಟ್ಟಿಲ್ಲ ಎಂದ.

ಚೊಕ್ಕಟಕ್ಕೆ ನಲವತ್ತಕ್ಕೆ ನಲವತ್ತು ಕೊಡಬೇಕಾಯಿತು, ರಿಪೇರಿಗೂ ಮೂವತ್ತು. ಎಪ್ಪತ್ತು ಇಲ್ಲೇ ಆದರೆ ಬಾ ಗತಿ ಏನು? ಬ್ಯಾಂಕಿನವರು ಮೂರನೆಯ ಕಲಮಿಗೆ ಬಂದು ಪೆನ್ನು ಎತ್ತಿ ಹಿಡಿದರು. ಪರಸ್ಪರ ಸಹಕಾರ ಹೇಗಿದೆ, ತೋರಿಸಲು ಯಾರೂ ಇಲ್ಲವಲ್ಲ ಎಂದರು.

"ಇಲ್ಲದೆ ಏನು ಸಾಹೇಬ್?" ಎಂದ ಕಾರ್ಯದರ್ಶಿ. "ಎಲ್ಲರೂ ಒಟ್ಟಿಗೇ ಹೋಗಿದ್ದಾರೆ."

೩. ಬರೋಡಾದ ಪಾತ್ರೆಗಳು

ರೈಲಿನಲ್ಲಿ ಬ್ಯಾಂಕಿನವರಿಗೆ ಅದೇ ಚಿಂತೆ. ಕಸ ಕಣ್ಣಿಗೆ ಕಾಣುತ್ತದೆ, ಒಡೆದ ನಲ್ಲಿ ಕಾಣುತ್ತದೆ; ಸಹಕಾರವನ್ನು ಅಳೆಯುವುದು ಹೇಗೆ? ಕೇಳಿದರೆ ಎಲ್ಲರೂ ನಾವು ಅಣ್ಣತಮ್ಮಂದಿರು ಅನ್ನುತ್ತಾರೆ.

ಆಗ ನಾನು ಬಾಯಿ ಹಾಕಿದೆ. ಅದರ ಹಿಂದಿನ ವಾರವಷ್ಟೇ ನಮ್ಮ ಮನೆಯಲ್ಲಿ ಒಂದು ಗಲಾಟೆ ಆಗಿತ್ತು. "ನಮ್ಮ ಹುಬ್ಬಳ್ಳಿ ಬೋಗೋಣಿ ಎಲ್ಲಿ ಹೋತ್ರೀ?" ಅಂತ ಹೆಂಡತಿ ನನ್ನನ್ನೇ ಕಳ್ಳನನ್ನು ಮಾಡಿದ್ದಳು. ನೋಡಿದರೆ ಅದು ಪಲ್ಯ ತುಂಬಿಕೊಂಡು ಪಕ್ಕದ ಮನೆಗೆ ಹೋಗಿತ್ತು, ನಮ್ಮ ಕಪಾಟಿನಲ್ಲಿ ಅವರದೊಂದು ತಪೇಲಿ ಕೂತಿತ್ತು. ಗುಜರಾತದ ಹೆಂಗಸರಲ್ಲಿ ಇದು ದಿನದ ವ್ಯವಹಾರ. ಒಂದು ಬಟ್ಟಲು ಏನೋ ಹೊತ್ತು ಪಕ್ಕದ ಮನೆಗೆ ಹೋಗುತ್ತದೆ. ವಾಪಸು ಬರುವಾಗ ಖಾಲಿ ಬರುವಂತಿಲ್ಲ, ಅವರ ಮನೆಯದೇನಾದರೂ ತುಂಬಿಯೇ ಬರಬೇಕು. ಖಾಲಿ ಕಳಿಸಿದರೆ ಮುಖಕ್ಕೆ ಹೊಡೆದಂತೆ. ಎಲ್ಲ ಪಾತ್ರೆಯ ಮೇಲೂ ಯಜಮಾನರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ. ಹಾಗಾಗಿ, ಯಾವ ಮನೆಯಲ್ಲಿ ಬೇರೆಯವರ ಹೆಸರಿನ ಪಾತ್ರೆ ಹೆಚ್ಚೋ ಅಲ್ಲಿ ಸಹಕಾರ ಹೆಚ್ಚು ಎಂದೆ.

ನನಗೆ ಗೊತ್ತಿತ್ತು, ಬಾ ಕಾಲೊನಿಯಲ್ಲಿ ಸೌಟು ಕೂಡ ತನ್ನ ಮನೆಯಲ್ಲಿ ಮಲಗುವುದಿಲ್ಲ. ಅಧ್ಯಕ್ಷರು ಕುಣಿದಾಡಿದರು. ಅಲ್ಲೇ ನಿಯಮ ಬರೆಸಿದರು: ಒಂದು ಪರಕೀಯ ಪಾತ್ರೆಗೆ ಒಂದು ಅಂಕ, ಮೂವತ್ತಕ್ಕೆ ಮಿತಿ. ಬೀಗ ಬಿದ್ದಿದ್ದ ಸೂರತ್ತಿಗೆ ಅಲ್ಲಿಗೆ ಸೊನ್ನೆ.

ಬರೋಡಾದ ಗೋರ್ವಾದಲ್ಲಿ ಕಾರ್ಖಾನೆಯವರ ಕಾಲೊನಿ. ಎರಡು ಮೂರು ಮನೆ ನೋಡಿದೆವು, ಒಂದೊಂದು ಬಟ್ಟಲು ಸಿಕ್ಕಿತು. ನಾಲ್ಕನೆಯ ಮನೆ ಒಬ್ಬ ದಪ್ಪನೆಯ ಗಟ್ಟಿಗಿತ್ತಿ ಬೇನ್‌ದು; ಬೇನ್ ಅಂದರೆ ಅಕ್ಕ. ಕಪಾಟು ನೋಡಿ ನಾವು ಮೂವರೂ ಹೌಹಾರಿದೆವು. ಅಟ್ಟದವರೆಗೆ ಪಾತ್ರೆ, ತಪೇಲಿ, ತಾಟು, ಡಬ್ಬಿ. ಅವಳ ಸ್ವಂತ ಹೆಸರಿನವು ಎರಡೇ. ಮಿಕ್ಕ ಇಪ್ಪತ್ತೇಳಕ್ಕೂ ಬೇರೆ ಬೇರೆ ಹೆಸರು. ಬ್ಯಾಂಕಿನವರು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದುತ್ತ ಬರೆದುಕೊಂಡರು. ಅಧ್ಯಕ್ಷರಿಗೆ ಕಣ್ಣು ತುಂಬಿಬಂತು. ಇಡೀ ಕಾಲೊನಿಯನ್ನೇ ಸಾಕುತ್ತಿದ್ದೀಯಲ್ಲ ತಾಯಿ ಎಂದರು.

ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಬಾಗಿಲಲ್ಲಿ ಹೆಂಗಸರು ನೆರೆದಿದ್ದರು. ಒಬ್ಬಳು ಅಂದಳು, ಅದು ನನ್ನ ತಾಟು, ದೀಪಾವಳಿಯಿಂದ ಹುಡುಕುತ್ತಿದ್ದೇನೆ. ಇನ್ನೊಬ್ಬಳದು ತವರಿನ ಡಬ್ಬಿ. ಮೂರನೆಯವಳು ಮಾತೇ ಆಡಲಿಲ್ಲ, ಸೀದಾ ಒಳಗೆ ನುಗ್ಗಿ ತನ್ನ ತಪೇಲಿ ಎಳೆದಳು. ಕೆಳಗಿನದನ್ನು ಎಳೆದರೆ ಮೇಲಿನವು ಬೀಳದೆ ಇರುತ್ತವೆಯೆ? ಇಪ್ಪತ್ತೊಂಬತ್ತೂ ಬಿದ್ದವು. ಅಧ್ಯಕ್ಷರ ಟೋಪಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ನಾವು ಫಾರಮ್ಮು ಎದೆಗವಚಿಕೊಂಡು ಓಡಿದೆವು. ಆ ಬೇನ್ ಮಾತ್ರ ಒಂದು ಕೈಯಲ್ಲಿ ತಪೇಲಿ ಬಿಡದೆ ಹಿಡಿದುಕೊಂಡೇ ನಮ್ಮ ಹಿಂದೆ ಕೂಗಿದಳು:

"ಸಾಹೇಬ್, ಕಪ್ಪು ನಮಗೆ ಬಂದರೆ ನನ್ನ ಮನೆಯಲ್ಲೇ ಇಡಿಸಿ. ನೋಡಿದಿರಲ್ಲ, ಒಂದೂ ಕಳೆದಿಲ್ಲ."

೪. ಅಹಮದಾಬಾದಿನ ಸೊನ್ನೆ

ಎರಡು ದಿನ ಬಿಟ್ಟು ಬಾ ಕಾಲೊನಿ. ಗೋಡೆ ತಕ್ಕಮಟ್ಟಿಗೆ, ಮೋರಿ ತಕ್ಕಮಟ್ಟಿಗೆ. ಚೊಕ್ಕಟ, ರಿಪೇರಿ ಎರಡೂ ಸೇರಿ ಐವತ್ತೈದು. ಕದ್ದ ಪಾತ್ರೆಗಳನ್ನು ಹೊಡೆದುಹಾಕಿದ ಮೇಲೆ ಬರೋಡಾ ಹಿಂದೆಯೇ ಉಳಿದಿತ್ತು; ಪಾತ್ರೆಯಲ್ಲಿ ಹದಿನಾರು ಬಂದರೂ ಸೂರತ್ತಿನ ಎಪ್ಪತ್ತನ್ನು ದಾಟಬಹುದು. ನಾನು ನಿಶ್ಚಿಂತೆಯಿಂದ ಮೊದಲ ಮನೆಯ ಕಪಾಟು ತೆರೆಸಿದೆ.

ಒಂದೂ ಇಲ್ಲ. ಎಲ್ಲವೂ ಸ್ವಂತ ಹೆಸರಿನವೇ.

ಎರಡನೆಯ ಮನೆ, ಒಂದೂ ಇಲ್ಲ. ಮೂರನೆಯದು, ಐದನೆಯದು, ಎಂಟನೆಯದು. ಹೋದ ತಿಂಗಳು ಇದೇ ಮನೆಗಳಲ್ಲಿ ನಾನೇ ಚಾ ಕುಡಿದಿದ್ದೆ, ಕಪ್ಪು ಒಬ್ಬರದು, ಬಸಿ ಇನ್ನೊಬ್ಬರದು ಇತ್ತು. ರಾತ್ರಿ ಬೆಳಗಾಗುವುದರೊಳಗೆ ಏನಾಯಿತು? ಬ್ಯಾಂಕಿನವರು ಒಂದೊಂದು ಮನೆಯ ಮುಂದೆಯೂ ಸೊನ್ನೆ ಬರೆಯುತ್ತ ನನ್ನ ಮುಖ ನೋಡುತ್ತಿದ್ದರು. ಪರೀಕ್ಷೆ ಕಂಡುಹಿಡಿದವನು ನಾನು. ಆ ಮುದುಕಿಯನ್ನು ಬೀದಿಗೆ ಹಾಕುವುದಕ್ಕೆ ನೋಟೀಸೇ ಬೇಕಾಗಿರಲಿಲ್ಲ, ನಾನೇ ಸಾಕಾಗಿದ್ದೆ.

ಕೊನೆಗೆ ಬಾ ಖೋಲಿ. ಮೂಲೆಯಿಂದ ಮೂಲೆಗೆ ತೂಗುತೊಟ್ಟಿಲು, ಒಂಬತ್ತೋ ಹತ್ತೋ ಕೂಸುಗಳು. ಬಾ ಎರಡು ತೊಟ್ಟಿಲಿನ ಹಗ್ಗ ಎರಡು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ತೂಗುತ್ತ, ಕೈಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಏಳಲಿಲ್ಲ. ಎದ್ದರೆ ಎರಡೂ ಏಳುತ್ತವೆ ಎಂದಳು.

ಪಾತ್ರೆಯೆಲ್ಲ ಏನಾಯಿತು ಎಂದು ಕೇಳಿದೆ. ಆಕೆ ಹೇಳಿದ್ದು ಕೇಳಿ ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಬರೋಡಾದಿಂದ ಯಾರದೋ ನೆಂಟರು ನಿನ್ನೆ ಬಂದಿದ್ದರಂತೆ. ಟ್ರಸ್ಟಿನವರು ಮನೆಮನೆಗೆ ನುಗ್ಗಿ ಕದ್ದ ಪಾತ್ರೆ ಹಿಡಿಯುತ್ತಿದ್ದಾರೆ, ಹೆಸರು ಓದಿ ಬರೆದುಕೊಳ್ಳುತ್ತಾರೆ, ಒಬ್ಬ ಬೇನ್‌ಗೆ ಮರ್ಯಾದೆ ಹೋಯಿತು ಎಂದು ಹೇಳಿದರಂತೆ. ಬಾ ಕೂಡಲೇ ಹುಕುಂ ಹೊರಡಿಸಿದಳು: ಬೆಳಗಾಗುವುದರೊಳಗೆ ಅವರವರ ಪಾತ್ರೆ ಅವರವರಿಗೆ ಮುಟ್ಟಬೇಕು.

ಆಕೆ ಅಧ್ಯಕ್ಷರ ಕಡೆ ತಿರುಗಿ ಹೆಮ್ಮೆಯಿಂದ ಅಂದಳು, "ನಮ್ಮಲ್ಲಿ ಒಬ್ಬರ ಚಮಚವೂ ಇನ್ನೊಬ್ಬರ ಮನೆಯಲ್ಲಿಲ್ಲ, ಸಾಹೇಬ್. ಬರೆದುಕೊಳ್ಳಿ."

"ಬರೆದುಕೊಂಡಿದ್ದೇವೆ, ಬಾ" ಎಂದರು ಬ್ಯಾಂಕಿನವರು, ಕರವಸ್ತ್ರದಿಂದ ಮುಖ ಒರೆಸಿಕೊಂಡು.

೫. ಒಂದು ಒಲೆ, ಎಂಟು ಅಡುಗೆ

ವ್ಯಾಪಾರಿ ಸೋತ ಮೇಲೂ ಅಂಗಡಿಯ ಕಡೆ ಒಂದು ಸಲ ತಿರುಗಿ ನೋಡುತ್ತಾನೆ. ನಾನೂ ಹೊರಡುವ ಮುನ್ನ, ನೀರು ಕುಡಿಯುವ ನೆಪದಲ್ಲಿ, ಎದುರು ಮನೆಗೆ ನುಗ್ಗಿದೆ. ಗಂಡ, ಹೆಂಡತಿ, ಒಂದು ಕೂಸು. ಇದ್ದಿಲಿನ ಒಲೆ ಒಂದೇ. ಆದರೆ ಗೋಡೆಯುದ್ದಕ್ಕೆ ಮುಚ್ಚಿಟ್ಟ ಪಾತ್ರೆಗಳು ಸಾಲಾಗಿ ಕೂತಿವೆ. ಒಂದರ ಮುಚ್ಚಳ ಎತ್ತಿದೆ: ಬದನೆಕಾಯಿ. ಇನ್ನೊಂದು: ಆಲೂಗಡ್ಡೆ. ಕಢಿ, ಖಿಚಡಿ, ದಾಲ್ ಢೋಕ್ಳಿ, ಸೇವ್ ಹಾಕಿದ ಟೊಮೆಟೊ, ಮೆಂತ್ಯದ ಥೇಪ್ಲಾ, ಕೊನೆಗೆ ಒಂದು ಬಟ್ಟಲು ಸುಖಡಿ, ಗೋಧಿ ಹಿಟ್ಟು ತುಪ್ಪದಲ್ಲಿ ಹುರಿದು ಬೆಲ್ಲ ಹಾಕಿದ್ದು.

ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಮದುವೆಯೇ ಎಂದು ಕೇಳಿದೆ. ಆ ಹೆಂಗಸು ನಾಚಿಕೊಂಡಳು. ಮದುವೆ ಎಲ್ಲಿಂದ ಬಂತು ಭಾಯಿ, ಎಲ್ಲರೂ ನಮ್ಮ ಪಾತ್ರೆ ವಾಪಸು ಕೊಟ್ಟರಲ್ಲ ಎಂದಳು. "ಖಾಲಿ ಹೇಗೆ ಕೊಡುತ್ತಾರೆ?"

ನಾನು ಬೀದಿಗೆ ಓಡಿ ಹೋಗಿ ಅಧ್ಯಕ್ಷರ ತೋಳು ಹಿಡಿದು ಎಳೆದುಕೊಂಡು ಬಂದೆ. ಬೆಳಗಿನ ಜಾವದಿಂದ ಇಡೀ ಕಾಲೊನಿ ಇಡೀ ಕಾಲೊನಿಗೆ ಅಡುಗೆ ಮಾಡಿತ್ತು. ಹೆಸರು ಸ್ವಂತದ್ದೇ, ಒಳಗಿದ್ದದ್ದು ಪರಕೀಯ. ಪಾತ್ರೆ ಎಣಿಸಬೇಡಿ ಸಾಹೇಬ್, ಪಲ್ಯ ಎಣಿಸಿ ಎಂದೆ.

ಅಧ್ಯಕ್ಷರು ನಿಯಮದ ಮನುಷ್ಯ. ಇದು ನೆರೆಮನೆಯ ಅಡುಗೆ ಎಂಬುದಕ್ಕೆ ಪುರಾವೆ ಬೇಕು ಎಂದರು. ನಾನು ಹೇಳಿದೆ, ಈ ಬದನೆಕಾಯಿಯ ರುಚಿ ನೋಡಿ, ಆಮೇಲೆ ಮೂರು ಮನೆ ಆಚೆ ಅದೇ ಬದನೆಕಾಯಿಯ ಮೂಲ ಪಾತ್ರೆ ಇದೆ, ಅಲ್ಲೂ ರುಚಿ ನೋಡಿ. ತಾಳೆಯಾದರೆ ಒಂದು ಅಂಕ. ಅವರಿಗೆ ಇದು ಶಾಸ್ತ್ರೀಯವಾಗಿದೆ ಅನ್ನಿಸಿತು. ಬ್ಯಾಂಕಿನವರು ಪೆನ್ನು ಹಿಡಿದು, ಅಧ್ಯಕ್ಷರು ಚಮಚ ಹಿಡಿದು ಹೊರಟರು. ಹತ್ತು ಅಂಕಕ್ಕೆ ಅವರು ಕೋಟಿನ ಗುಂಡಿ ಬಿಚ್ಚಿದರು. ಇಪ್ಪತ್ತಕ್ಕೆ ಬೆಲ್ಟು. ಇಪ್ಪತ್ತಾರಕ್ಕೆ ಒಂದು ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿದರು; ನನಗೆ ಮತ್ತೆ ಗಾಬರಿ, ಬಹುಮಾನಕ್ಕಿಂತ ಮೊದಲು ತೀರ್ಪುಗಾರರೇ ಹೋಗಿಬಿಟ್ಟರೆ?

ಬ್ಯಾಂಕಿನವರು ಬಗ್ಗಿ, ಇನ್ನು ನಾಲ್ಕು ಅಂಕ ಬಾಕಿ ಇವೆ, ಮುಂದುವರಿಸೋಣವೇ ಎಂದು ವಿನಯದಿಂದ ಕೇಳಿದರು.

"ಮೂವತ್ತು ಬರಿ" ಎಂದರು ಅಧ್ಯಕ್ಷರು, ಕಣ್ಣು ತೆರೆಯದೆ. "ಮಿಕ್ಕಿದ್ದನ್ನು ನಾನು ನಂಬುತ್ತೇನೆ."

೬. ಕಪ್ಪು ವಾಪಸಾದದ್ದು

ಎಂಬತ್ತೈದು ಅಂಕಕ್ಕೆ ಅಹಮದಾಬಾದ್ ಗೆದ್ದಿತು. ಕಪ್ಪು ಬಾ ಖೋಲಿಯ ಗೂಡಿನಲ್ಲಿ ಕೂತಿತು, ನೋಟೀಸು ಅಧ್ಯಕ್ಷರ ಡ್ರಾಯರಿನಲ್ಲಿ ಕೂತಿತು, ನನ್ನ ಸುಣ್ಣ ಜರಡಿಯಾಗುತ್ತ ಹೋಯಿತು. ಆದರೆ ಅದು ಒಂದು ವರ್ಷದ ಕಪ್ಪು. ವರ್ಷ ತುಂಬಿದ ಮೇಲೆ ವಾಪಸು ಕೊಡಬೇಕು, ಮುಂದಿನ ಕಾಲೊನಿಗೆ ಹೋಗಬೇಕು. ಕಪ್ಪು ಗೂಡಿನಿಂದ ಇಳಿದ ದಿನ ನೋಟೀಸು ಡ್ರಾಯರಿನಿಂದ ಏಳುತ್ತದೆ. ಆ ಎರಡನೆಯ ವರ್ಷ ಸೂರತ್ತಿನವರು ಜನರನ್ನು ಒಳಗೇ ಇಟ್ಟುಕೊಂಡು ಗೆದ್ದುಬಿಟ್ಟರು.

ನಾನು ಬಾ ಹತ್ತಿರ ಸೂಕ್ಷ್ಮವಾಗಿ ಹೇಳಿದೆ, ಕಪ್ಪು ಎಲ್ಲೋ ಕಳೆದುಹೋಯಿತು ಅನ್ನಬಹುದಲ್ಲ ಎಂದು. ಬಾ ನನ್ನನ್ನು ನೋಡಿದ ನೋಟಕ್ಕೆ ನಾನು ಚಪ್ಪಲಿ ಹುಡುಕಿಕೊಂಡೆ. ಇನ್ನೊಬ್ಬರ ಪಾತ್ರೆ ಇಟ್ಟುಕೊಳ್ಳುವವಳು ನಾನಲ್ಲ, ಕೊಡುವ ದಿನ ಕೊಡುತ್ತೇನೆ ಎಂದಳು.

ಕೊಡುವ ದಿನ ಟ್ರಸ್ಟಿನ ಆಫೀಸಿನಲ್ಲಿ ಸಣ್ಣ ಸಭೆ. ಸೂರತ್ತಿನ ಕಾರ್ಯದರ್ಶಿ ಇಸ್ತ್ರಿ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿದ್ದ. ಬಾ ಕಪ್ಪನ್ನು ಬಿಳಿ ಬಟ್ಟೆಯಲ್ಲಿ ಮುಚ್ಚಿ ಎರಡೂ ಕೈಯಲ್ಲಿ ಹೊತ್ತು ತಂದಳು, ಯಾಕೋ ಬಹಳ ಭಾರವೆಂಬಂತೆ. ಅಧ್ಯಕ್ಷರು ಅಲ್ಲೇ ಒಂದು ಭಾಷಣ ಮಾಡಿ ಬಟ್ಟೆ ಸರಿಸಿದರು. ಸರಿಸಿದವರು ಹಾಗೇ ನಿಂತರು. ಕಪ್ಪಿನ ಅಂಚಿನವರೆಗೆ ಸುಖಡಿ ತುಂಬಿತ್ತು, ಇನ್ನೂ ಬಿಸಿ, ತುಪ್ಪ ಬೆಳ್ಳಿಯ ಮೇಲೆ ಇಳಿಯುತ್ತಿತ್ತು.

"ಬಾ, ಇದು ಟ್ರಸ್ಟಿನ ಬೆಳ್ಳಿ ಕಪ್ಪು" ಎಂದರು ಅಧ್ಯಕ್ಷರು.

"ಅದಕ್ಕೇ ತುಪ್ಪ ಜಾಸ್ತಿ ಹಾಕಿದ್ದೇನೆ ಸಾಹೇಬ್."

ತುಂಬಿದ ಕಪ್ಪನ್ನು ಕಾರ್ಯದರ್ಶಿಗೆ ಕೊಡುವುದು ಹೇಗೆ? ಖಾಲಿ ಮಾಡಿಸಿ ತೊಳೆಸಿ ನಾಳೆ ಸೂರತ್ತಿಗೆ ಕಳಿಸುತ್ತೇನೆ ಎಂದು ಅಧ್ಯಕ್ಷರು ಅದನ್ನು ಮನೆಗೆ ಒಯ್ದರು. ನೋಟೀಸಿಗೆ ಮರುದಿನದ ತಾರೀಕು ಹಾಕಿ ಚೀಲದಲ್ಲಿ ಇಟ್ಟುಕೊಂಡರು. ನಾನು ಹೊಸ ಜರಡಿಯವರನ್ನು ಹುಡುಕುವ ಯೋಚನೆಯಲ್ಲಿ ಅಂಗಡಿಗೆ ಬಂದೆ.

ಮರುದಿನ ಮಧ್ಯಾಹ್ನ ಅಧ್ಯಕ್ಷರೇ ಅಂಗಡಿಗೆ ಬಂದರು. ಮುಖ ನನ್ನ ಸುಣ್ಣದ ಬಣ್ಣಕ್ಕಿತ್ತು. ಕೂಡಿಸಿ ನೀರು ಕೊಟ್ಟೆ. ನಡೆದದ್ದು ಇಷ್ಟು: ಅವರು ಕಪ್ಪು ಯಾರದೆಂದು ಹೇಳದೆಯೇ ಬೆಳಿಗ್ಗೆ ಆಫೀಸಿಗೆ ಹೋದ ಮೇಲೆ ಅವರ ಹೆಂಡತಿ ಸುಖಡಿ ತೆಗೆದಿಟ್ಟು ಕಪ್ಪು ತಿಕ್ಕಿದರಂತೆ. ತಿಕ್ಕುವಾಗ ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ಹೆಸರು ಕಂಡಿತಂತೆ. ಬಾ ಹೆಸರು, ಖೋಲಿಯ ಗುರುತಿನ ಸಮೇತ. ಮನೆಗೆ ಬಂದ ಪಾತ್ರೆಗೆ ಹೆಸರು ಹಾಕಿಸದೆ ಇಡುವ ಹೆಂಗಸು ಗುಜರಾತದಲ್ಲಿ ಇಲ್ಲ. ಹೋದ ವರ್ಷವೇ ಹಾಕಿಸಿದ್ದಳು. ಅಧ್ಯಕ್ಷರ ಹೆಂಡತಿ ಬೆಳ್ಳಿ ಪಾತ್ರೆಯಲ್ಲಿ ಸಿಹಿ ಕೊಟ್ಟ ಆ ಮುದುಕಿಯ ಮರ್ಯಾದೆಗೆ ತಲೆದೂಗಿ, ತಾನೇನು ಕಡಿಮೆ ಎಂದು ಕಪ್ಪಿನ ತುಂಬ ಕಡಲೆಹಿಟ್ಟಿನ ಮೋಹನಥಾಳ್ ತುಂಬಿ, ಟಾಂಗಾ ಮಾಡಿಸಿಕೊಂಡು ಹೋಗಿ ಬಾ ಕೈಗೇ ಕೊಟ್ಟು ಬಂದಿದ್ದರು.

ಕಪ್ಪು ಮತ್ತೆ ಗೂಡಿನಲ್ಲಿತ್ತು. ಕಪ್ಪು ಇರುವಲ್ಲಿ ಯಾರನ್ನೂ ಕದಲಿಸುವಂತಿಲ್ಲ. ನಿಯಮ ಬರೆದವರು ನನ್ನ ಎದುರಿಗೇ ಕೂತಿದ್ದರು.

ಅವರು ಬಿಡಲಿಲ್ಲ, ಕೇಳಿ ತರಿಸಿದರು. ಬಾ ಬಿಡಲಿಲ್ಲ, ಉಂಡೆ ತುಂಬಿ ಕಳಿಸಿದಳು. ಅವರ ಹೆಂಡತಿ ಖಾಲಿ ಮಾಡಿದ ಪಾತ್ರೆ ಮನೆಯಲ್ಲಿ ಇಟ್ಟುಕೊಂಡರೆ ಜನ ಏನೆಂದಾರು ಎಂದು ಕರ್ಜಿಕಾಯಿಯಂಥ ಘೂಘರಾ ತುಂಬಿ ವಾಪಸು ಕಳಿಸಿದರು. ಸೂರತ್ತಿನಿಂದ ಕಾಗದದ ಮೇಲೆ ಕಾಗದ ಬಂತು. ಕೊನೆಗೆ ಅವರಿಗೆ ಅಷ್ಟೇ ತೂಕದ ಇನ್ನೊಂದು ಕಪ್ಪು ಮಾಡಿಸಿಕೊಟ್ಟದ್ದಾಯಿತು. ಹಳೆಯದು ಹಾಗೇ ಓಡಾಡುತ್ತಲೇ ಇತ್ತು, ಬಾ ಖೋಲಿಯಲ್ಲೇ ಇದ್ದಳು, ಅಧ್ಯಕ್ಷರು ಎರಡು ಸಲ ಬೆಲ್ಟು ಬದಲಾಯಿಸಿದರು.

ಒಂದು ದಿನ ನಾನೇ ಪಾಪವೆನಿಸಿ ಅವರಿಗೊಂದು ಉಪಾಯ ಹೇಳಿಕೊಟ್ಟೆ. ಇನ್ನು ಮುಂದೆ ಕಪ್ಪು ಬಿಡಿ ಸಾಹೇಬ್, ಗೋಡೆಗೆ ಹೊಡೆಯುವ ಮರದ ಫಲಕ ಕೊಡಿ, ಚಪ್ಪಟೆ ಇರುತ್ತದೆ, ಈ ರಗಳೆಯೇ ಇರುವುದಿಲ್ಲ ಎಂದೆ.

ಅಧ್ಯಕ್ಷರು ಬೆಚ್ಚಿಬಿದ್ದು ನನ್ನನ್ನು ನೋಡಿದರು.

"ಏನು ಮಾತು ಶೇಠ್. ಫಲಕದ ಮೇಲೆ ಎಷ್ಟು ಸುಖಡಿ ಹಿಡಿದೀತು?"